ದಂಡದ ರಸೀದಿಯಿಂದ ಶುರು ಮಾಡಿ

ನಮಸ್ಕಾರ. 'ಹಸಿರಿಗೆ ಕೊಡಲಿ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ಕಾಡಂಚಿನ ಜನರ ಅಜ್ಞಾನ, ದುರಾಸೆಯಿಂದಲೇ ಜಗತ್ತಿನ ಮಳೆಕಾಡುಗಳು ಹಾಳಾದವು ಅಂತ ಆರು ಪುಟ ಬರೆದಿದ್ದೀರಿ. ಆದರೆ ನಾಲ್ಕನೇ ಪುಟದಲ್ಲಿ ಒಂದು ಮಾತು ಬರುತ್ತದೆ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕಡೆ ಕಾರೆ ಗಿಡ ಕಿತ್ತು ಮೆಕ್ಕೆಜೋಳ ಹಾಕಿದ ನಿಮ್ಮ ದೊಡ್ಡಪ್ಪ, ದಂಡ ಕಟ್ಟಿದ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಇಷ್ಟು ಬರೆದು ನೀವು ಮುಂದೆ ಹೋಗಿಬಿಟ್ಟಿರಿ. ನಾನು ಅಲ್ಲೇ ನಿಂತೆ. ದಂಡದ ರಸೀದಿಯನ್ನು ಯಾರಾದರೂ ಜೋಪಾನ ಮಾಡುತ್ತಾರಾ? ಮಾಡುತ್ತಾರೆ. ಆ ನೆಲ ಉಳುತ್ತಿದ್ದೆ ಅನ್ನುವುದಕ್ಕೆ ಅವರ ಹತ್ತಿರ ಇರುವ ಕಾಗದ ಅದೊಂದೇ. ಸರ್ಕಾರಿ ನೆಲ ಉಳುತ್ತಿರುವವರು ಹಕ್ಕು ಕೇಳಿ ಹಾಕುವ ಬಗರ್‌ಹುಕುಂ ಅರ್ಜಿಗೂ ಉಳುಮೆಯೇ ಸಾಕ್ಷಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ಕ್ಕೆ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಅಷ್ಟು ಹಳೆಯ ಕಾಗದ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು?

ನೀವು ಬೈದಿರುವ ಅಮೆಜಾನಿನ ಕಥೆಯೂ ಹೀಗೇ ಇದೆ. 1970ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ನಮ್ಮ ಚಳ್ಳಕೆರೆ, ಮೊಳಕಾಲ್ಮೂರಿನವರು ಕಂಡಂಥ ಬರ ಬಿತ್ತು. ಸರ್ಕಾರ ಕಾಡಿನ ನಡುವೆ ಹೆದ್ದಾರಿ ಹಾಕಿ, ಬನ್ನಿ, ನೆಲ ಕೊಡುತ್ತೇವೆ ಅಂತ ಕರೆಯಿತು. ಮರ ನಿಂತಿದ್ದರೆ ಅದು ಪಾಳು ನೆಲ. ಕಡಿದರೆ ಸಾಗುವಳಿ ಲೆಕ್ಕ. ಕಾಡು ಸುಟ್ಟ ಬೂದಿಯ ಬಲ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ಅಲ್ಲಿ ಸಾರವೆಲ್ಲ ಮರದಲ್ಲೇ ಇರುತ್ತದೆ, ಮಣ್ಣು ಬಡಕಲು. ಆಮೇಲೆ ಎಷ್ಟೋ ರೈತರು ಆ ನೆಲವನ್ನು ದನ ಸಾಕುವ ದೊಡ್ಡ ಕುಳಗಳಿಗೆ ಮಾರಿ ಇನ್ನೂ ಒಳಕ್ಕೆ ಹೋದರು. ಇವತ್ತು ಅಲ್ಲಿ ಕಡಿದ ಕಾಡಿನ ದೊಡ್ಡ ಪಾಲು ಹುಲ್ಲುಗಾವಲು. ಸೌದೆ ಹೊರುವವರಿಂದ ಅಮೆಜಾನ್ ಬರಿದಾಯಿತು ಅನ್ನುವ ಮಾತು ತಪ್ಪು, ತೆಗೆದುಬಿಡಿ. ನಿಮ್ಮ ಲೇಖನದಲ್ಲಿ, ಮಳೆಕಾಡು ಕಡಿದು ಹಾಕಿದ ಇಂಡೋನೇಷ್ಯಾದ ತಾಳೆಎಣ್ಣೆ ತೋಟಗಳ ಸುದ್ದಿಯೇ ಇಲ್ಲ. ನಮ್ಮ ಜಿಲ್ಲೆಯ ಅದಿರು ಗಣಿಗಳ ಮಾತೂ ಇಲ್ಲ. 2011ರಲ್ಲಿ ಅವನ್ನು ನಿಲ್ಲಿಸಲು ಸುಪ್ರೀಂ ಕೋರ್ಟೇ ಹೇಳಬೇಕಾಯಿತು, ಅಲ್ವಾ?

ದೊಡ್ಡಪ್ಪ ಮಾಡಿದ್ದು ಸರಿ ಅಂತ ಬರೆಯಬೇಕಿಲ್ಲ. ಜೋಗಿಮಟ್ಟಿಯ ಅಂಚು ವರ್ಷವರ್ಷ ಹಿಂದೆ ಸರಿಯುವುದು ಕಂಡರೆ ನನಗೂ ಸಂಕಟ ಆಗುತ್ತದೆ. ಆದರೆ ಸುಮ್ನೆ ಬೈದರೆ ಒಂದು ಗಿಡವೂ ಉಳಿಯುವುದಿಲ್ಲ. ಅವರ ಎದುರು ಕೂತು ಕೇಳಿ. ರಸೀದಿಯ ಮೇಲೆ ಯಾವ ವರ್ಷ ಇದೆ? ದಂಡ ಎಷ್ಟು? ಆ ವರ್ಷ ಮಳೆ ಹೇಗಿತ್ತು? ಬೀಜ, ಗೊಬ್ಬರಕ್ಕೆ ಸಾಲ ಕೊಟ್ಟವರು ಯಾರು? ಅದನ್ನೇ ಮೂರು ಪುಟದಲ್ಲಿ ಬರೆದು ಕಳಿಸಿ. ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.