ರೇಷ್ಮೆ ಬೆಳೆಗಾರರಂಥ ಒಂದು ಸಣ್ಣ ಗುಂಪಿಗೆಂದೇ ಕಾರ್ಯಕ್ರಮ ನಡೆಸಲು ಸಮುದಾಯ ರೇಡಿಯೊಗಳು ಏಕೆ ಒದ್ದಾಡುತ್ತವೆ?

ಮೊದಲ ತೊಡಕು ವ್ಯಾಪ್ತಿ. ಪ್ರಸಾರಕ್ಕೆ ಸಾಮಾನ್ಯವಾಗಿ ಸಿಗುವ ಅನುಮತಿ 100 ವ್ಯಾಟ್ ಇಆರ್‌ಪಿ (ಆಂಟೆನಾದಿಂದ ಹೊರಡುವ ಪ್ರಸಾರದ ಶಕ್ತಿ), ಆಂಟೆನಾ ಎತ್ತರ ಗರಿಷ್ಠ 30 ಮೀಟರ್. ಹತ್ತು ಕಿಲೋಮೀಟರ್ ಆಚೆ, ಅದರಲ್ಲೂ ಗುಡ್ಡ ಅಡ್ಡ ಬಂದರೆ, ದನಿ ಸಿಗುವ ಖಾತ್ರಿಯಿಲ್ಲ. ಆ ವೃತ್ತದೊಳಗೆ ರೇಷ್ಮೆ ಬೆಳೆಗಾರರು ಎಷ್ಟು ಮಂದಿ ಇದ್ದಾರು? ಜಾಹೀರಾತುದಾರ ಕೇಳುವುದೂ ಅದನ್ನೇ.

2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಜಾಹೀರಾತಿಗೆ ಗಂಟೆಗೆ 12 ನಿಮಿಷ, ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಪೂರ್ತಿ ತುಂಬಿದರೆ ಗಂಟೆಗೆ 5,328 ರೂಪಾಯಿ, ತುಂಬುವುದು ಅಪರೂಪ. ಕರೆಂಟು, ಬ್ಯಾಟರಿ, ಸಂಬಳದ ಖರ್ಚು ಮಾತ್ರ ನಿಲ್ಲುವುದಿಲ್ಲ. ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರ ಸಹಭಾಗಿತ್ವದಲ್ಲೇ ತಯಾರಾಗಬೇಕು. ತರಬೇತಾದ ಹುಡುಗರು ಪಟ್ಟಣಕ್ಕೆ ಹೊರಟರೆ ಆ ಕಾರ್ಯಕ್ರಮ ಅಲ್ಲಿಗೇ ನಿಂತಿತು. ಸ್ವಂತ ಸುದ್ದಿಗೂ ಅವಕಾಶವಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಪೆಟ್ಟು.

ಹೊತ್ತು ತಪ್ಪಿದರೂ ಕೇಳುಗ ಕೈಬಿಡುತ್ತಾನೆ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದ ಮೇಲೆ ಬಹಳ ತಿನ್ನುತ್ತದೆ, ಮನೆಮಂದಿಯೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಿಂದೆಯೇ ಇರುತ್ತಾರೆ. ಹಾಗಾಗಿ ಒಂದು ಗಂಟೆಯ ಚರ್ಚೆಗಿಂತ 10 ನಿಮಿಷದ ತುಣುಕನ್ನು ಬೆಳಗ್ಗೆ, ರಾತ್ರಿ ಎರಡು ಸಲ ಹಾಕಿ. ಅದನ್ನೇ ವಾಟ್ಸಾಪಿನಲ್ಲೂ ಕಳಿಸಿ. ಪ್ರಸಾರದ ಧ್ವನಿಮುದ್ರಿಕೆಯನ್ನು ಹೇಗೂ ಮೂರು ತಿಂಗಳು ಇಟ್ಟುಕೊಳ್ಳಲೇಬೇಕು.