ಸಿಪ್ರೋ ಗುಳಿಗೆಗೆ ಟೈಫಾಯ್ಡ್ ಯಾಕೆ ಬಗ್ಗುತ್ತಿಲ್ಲ?

ಯಾದಗಿರಿಯಲ್ಲಿರುವ ನಿಮ್ಮ ತಮ್ಮ ಟೈಫಾಯ್ಡ್‌ಗೆ ಅಂತ ಐದು ದಿನ ಸಿಪ್ರೋ (ಸಿಪ್ರೋಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್) ನುಂಗಿದರೂ ಜ್ವರ ಇಳಿದಿಲ್ಲ. ಮೂವತ್ತು ವರ್ಷದ ಹಿಂದೆ ಅಪ್ಪನಿಗೆ ಅದೇ ಗುಳಿಗೆಯಿಂದ ವಾಸಿಯಾಗಿತ್ತು. ಈಗಿನ ಗುಳಿಗೆ ನಕಲಿಯಾ ಅಂತ ಕೇಳಿದ್ದೀರಿ.

ಗುಳಿಗೆ ಸರಿಯಾಗಿಯೇ ಇರಬಹುದು. ಬದಲಾಗಿರುವುದು ರೋಗಾಣು. ನಾನು ಕಲಬುರಗಿಯ ಒಂದು ಲ್ಯಾಬಿನಲ್ಲಿ ಕಲ್ಚರ್ ನೋಡುತ್ತೇನೆ. ರಕ್ತದಿಂದ ಬೆಳೆಸಿದ ರೋಗಾಣುವನ್ನು ತಟ್ಟೆಯ ತುಂಬ ಹರಡಿ, ಮೇಲೆ ಔಷಧಿಯ ಪುಟ್ಟ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯುವುದಿಲ್ಲ, ದುಂಡಗೆ ಬಯಲಾಗುತ್ತದೆ. ಟೈಫಾಯ್ಡ್ ತಟ್ಟೆಯಲ್ಲಿ ಸಿಪ್ರೋ ಸುತ್ತ ಬೇಕಾದಷ್ಟು ಅಗಲದ ಬಯಲು ಕಾಣುವುದು ಈಗ ಅಪರೂಪ. ಪಕ್ಕದಲ್ಲೇ ಕ್ಲೋರಾಂಫೆನಿಕಾಲ್ ಎಂಬ ಹಳೆಯ ಔಷಧಿಯ ಬಿಲ್ಲೆ ಇರುತ್ತದೆ. ಅದರ ಸುತ್ತ ದೊಡ್ಡ ಬಯಲು! ಮೊದಲ ಸಲ ನೋಡಿದಾಗ ಬಿಲ್ಲೆ ಅದಲುಬದಲಾಯಿತೇನೋ ಅಂತ ಗಾಬರಿಯಾಗಿದ್ದೆ.

1948ರಲ್ಲಿ ಟೈಫಾಯ್ಡ್‌ಗೆ ಸಿಕ್ಕ ಮೊದಲ ಒಳ್ಳೆ ಔಷಧಿ ಈ ಕ್ಲೋರಾಂಫೆನಿಕಾಲೇ. 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಅದಕ್ಕೆ ಬಗ್ಗದ ಟೈಫಾಯ್ಡ್ ಹಬ್ಬಿತು. 1990ರ ಹೊತ್ತಿಗೆ ಆಂಪಿಸಿಲಿನ್, ಕೋಟ್ರೈಮೋಕ್ಸಜೋಲ್ ಕೂಡ ಸೋತವು. ಆಗ ಕೈಹಿಡಿದದ್ದು ಸಿಪ್ರೋ. ನಿಮ್ಮ ಅಪ್ಪನ ಜ್ವರ ಆ ಕಾಲದ್ದು. ಆಮೇಲೆ ನೆಗಡಿಗೂ ಭೇದಿಗೂ ಅದನ್ನೇ ಕೊಟ್ಟರು, ಅದೂ ಹೋಯಿತು.

ಹಳೆಯ ಔಷಧಿ ತಿರುಗಿ ಬಂತಲ್ವಾ, ಸಿಪ್ರೋ ಯಾಕೆ ಬರಲಿಲ್ಲ? ಹಳೆಯ ಮೂರನ್ನು ಎದುರಿಸುವ ಜೀನ್‌ಗಳನ್ನು ರೋಗಾಣು ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಪ್ರತ್ಯೇಕ ಡಿಎನ್ಎ ಉಂಗುರದಲ್ಲಿ ಹೊರುತ್ತದೆ. ಆ ಔಷಧಿಗಳ ಬಳಕೆ ಕಡಿಮೆಯಾದಾಗ ಅದು ಸುಮ್ನೆ ಹೊರೆ. ಹೊರೆ ಇಳಿಸಿಕೊಂಡ ತಳಿಗಳೇ ಜಾಸ್ತಿಯಾದವು. ಸಿಪ್ರೋ ವಿಷಯ ಬೇರೆ. ಅಲ್ಲಿ ರೋಗಾಣುವಿನ ಸ್ವಂತ ಜೀನ್‌ನಲ್ಲೇ ಒಂದೆರಡು ಅಕ್ಷರ ತಿದ್ದಿಹೋಗಿವೆ. ಅದರಿಂದ ಅದಕ್ಕೆ ಹೆಚ್ಚೇನೂ ನಷ್ಟವಿಲ್ಲ, ಹಾಗಾಗಿ ಬಿಟ್ಟುಕೊಡುವುದೂ ಇಲ್ಲ.

ಈಗ ಹೆಚ್ಚಾಗಿ ಕೊಡುವುದು ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಅಥವಾ ಅಜಿತ್ರೋಮೈಸಿನ್. 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿರುವ ಹೈದರಾಬಾದ್‌ನಲ್ಲಿ ಸೆಫ್ಟ್ರಿಯಾಕ್ಸೋನ್‌ಗೂ ಜಗ್ಗದ ತಳಿ ಹಬ್ಬಿತು. ನನಗೆ ನಿಜವಾಗಿ ಭಯ ಇರುವುದು ಅದರದ್ದೇ. ನಮ್ಮ ಪಕ್ಕದ ಹೈದರಾಬಾದ್‌ನಲ್ಲಿ ತಯಾರಾಗುವ ಟೈಫಾಯ್ಡ್ ಲಸಿಕೆ ಒಂದಿದೆ, ಮನೆಯ ಮಕ್ಕಳಿಗೆ ಹಾಕಿಸಿ. ಆದರೆ ಟೈಫಾಯ್ಡ್‌ನಂತೆಯೇ ಇರುವ ಪ್ಯಾರಾಟೈಫಾಯ್ಡ್ ಜ್ವರಕ್ಕೆ ಅದು ತಡೆಯಲ್ಲ.

ತಮ್ಮನ ವಿಷಯಕ್ಕೆ ಬರುತ್ತೇನೆ. ಸರಿಯಾದ ಔಷಧಿ ಕೊಟ್ಟರೂ ಟೈಫಾಯ್ಡ್ ಜ್ವರ ಇಳಿಯಲು ನಾಲ್ಕೈದು ದಿನ ಬೇಕು. ಹಾಗಂತ ಸಿಪ್ರೋ ನಂಬಿಕೊಂಡು ಇನ್ನೂ ಕಾಯಬೇಡಿ. ನೀವು ಹೇಳಿದ ವಿಡಾಲ್ (ಟೈಫಾಯ್ಡ್‌ಗೆ ಮಾಡುವ ಒಂದು ರಕ್ತ ಪರೀಕ್ಷೆ) ರಿಪೋರ್ಟ್ ಒಂದನ್ನೇ ನೆಚ್ಚಬೇಡಿ. ಹಿಂದಿನ ಸೋಂಕು, ಬೇರೆ ಜ್ವರಗಳಲ್ಲೂ ಅದು ಪಾಸಿಟಿವ್ ಬರುತ್ತದೆ. ಯಾವ ಔಷಧಿ ನಾಟುತ್ತದೆ ಅಂತ ಅದು ಹೇಳುವುದೂ ಇಲ್ಲ. ಔಷಧಿ ಬದಲಿಸುವ ಮೊದಲು ಬ್ಲಡ್ ಕಲ್ಚರ್ ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಗುಳಿಗೆ ಶುರುವಾದ ಮೇಲೆ ರೋಗಾಣು ಸಿಗುವ ಸಾಧ್ಯತೆ ಕಡಿಮೆ, ಆದರೂ ಪ್ರಯತ್ನಿಸಬೇಕು. ರಿಪೋರ್ಟ್‌ಗೆ ಮೂರ್ನಾಲ್ಕು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಡಾಕ್ಟರ್ ಕೊಟ್ಟ ಔಷಧಿ ನಡೆಯಲಿ. ಹೊಟ್ಟೆ ಜೋರಾಗಿ ನೋಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ಹುಡುಗ ಮಂಕಾಗಿದ್ದರೆ ಇವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ನುಂಗಿದ ಗುಳಿಗೆಗಳ ಖಾಲಿ ಸ್ಟ್ರಿಪ್ಪೂ ಜೊತೆಗಿರಲಿ.