200 ಲೀಟರ್ ಪ್ಲಾಸ್ಟಿಕ್ ಡ್ರಮ್ ಉದ್ದಕ್ಕೆ ಸೀಳಲು ಗ್ರೈಂಡರ್ ಒಳ್ಳೆಯದಾ, ಸರ್ಕ್ಯುಲರ್ ಸಾ ಒಳ್ಳೆಯದಾ?

ಎರಡೂ ಬೇಡ. ಗಿಡ ನೆಡೋಕೆ ಎರಡು ತೊಟ್ಟಿ ಆಗಬೇಕು, ಕೆಲಸ ಬೇಗ ಮುಗಿಯಬೇಕು ಅಂತ ಬರೆದಿದ್ದೀರಿ. ಆ 'ಬೇಗ' ಓದಿದ ಕೂಡಲೇ ನನ್ನ ಎಡ ಮಣಿಕಟ್ಟು ನೋಡಿಕೊಂಡೆ. ಅಲ್ಲಿ ಇನ್ನೂ ಕಡಲೆ ಗಾತ್ರದ ಕಲೆ ಇದೆ.

ನಾನೂ ಹೀಗೇ ಒಂದು ನೀಲಿ ಡ್ರಮ್ ತಂದಿದ್ದೆ. ಮನೆಯಲ್ಲಿ ನಾಲ್ಕು ಇಂಚಿನ ಗ್ರೈಂಡರ್ ಇತ್ತು. ಕಬ್ಬಿಣವನ್ನೇ ಕತ್ತರಿಸೋ ಮೆಷಿನ್‌ಗೆ ಮೂರು ಮಿಲಿಮೀಟರ್ ಪ್ಲಾಸ್ಟಿಕ್ ಯಾವ ಲೆಕ್ಕ ಅಂದುಕೊಂಡೆ. ಕಬ್ಬಿಣಕ್ಕೆ ಹಾಕುವ ಅದೇ ತೆಳು ಚಕ್ರ ಹಾಕಿ, ಡ್ರಮ್ ಮಲಗಿಸಿ, ಶುರು ಹಚ್ಚಿಕೊಂಡೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು. ಒಂದು ಮಗ್ಗುಲು, ಇನ್ನೊಂದು ಮಗ್ಗುಲು, ತಲೆ, ತಳ. ಹತ್ತು ನಿಮಿಷವೂ ಆಗಿರಲಿಲ್ಲ.

ಗ್ರೈಂಡರ್ ಕೆಳಗಿಟ್ಟು ಎರಡು ಹೋಳು ಹಿಡಿದು ಎಳೆದೆ. ಬರಲಿಲ್ಲ. ಮೊಣಕಾಲು ಕೊಟ್ಟು ಎಳೆದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬಗ್ಗಿ ನೋಡಿದರೆ ಗೆರೆ ಇದೆ, ಸೀಳು ಇಲ್ಲ! ಮೇಣದಬತ್ತಿ ಸುರಿದು ಗಟ್ಟಿಯಾದ ಹಾಗೆ ಪ್ಲಾಸ್ಟಿಕ್ ಕರಗಿ ಮತ್ತೆ ಕೂಡಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಕೂದಲಿನಂಥ ನೀಲಿ ಎಳೆ ಬರುತ್ತಿತ್ತು, ಅಷ್ಟೇ.

ಇದು ಯಾಕೆ ಅಂತ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಡ್ರಮ್‌ಗಳು ಸಾಮಾನ್ಯವಾಗಿ ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್. ಮೈಮೇಲೆ ಎಲ್ಲಾದರೂ ತ್ರಿಕೋನದೊಳಗೆ 2 ಅಂತ ಅಚ್ಚು ಇರುತ್ತೆ, ನೋಡಿ. ಅದು ಸುಮಾರು 130 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತೆ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸು ತಿರುಗುತ್ತೆ. ಆ ಚಕ್ರಕ್ಕೆ ಹಲ್ಲಿಲ್ಲ, ಅದು ಕೊಯ್ಯಲ್ಲ, ಉಜ್ಜುತ್ತೆ. ಕಬ್ಬಿಣವಾದರೆ ಉಜ್ಜಿದ ಪುಡಿ ಕಿಡಿಯಾಗಿ ಹಾರಿ ಹೋಗುತ್ತೆ. ಪ್ಲಾಸ್ಟಿಕ್‌ನಲ್ಲಿ ಬಿಸಿ ಬೇರೆ ಕಡೆ ಬೇಗ ಹರಿಯಲ್ಲ, ಉಜ್ಜಿದ ಜಾಗದಲ್ಲೇ ನಿಲ್ಲುತ್ತೆ. ಹಾಗಾಗಿ ಚಕ್ರದ ಮುಂದೆ ಕರಗುತ್ತೆ, ಹಿಂದೆ ಆರಿ ಅಂಟುತ್ತೆ. ನಾನು ಡ್ರಮ್ ಕೊಯ್ದಿರಲಿಲ್ಲ, ಸುತ್ತಲೂ ವೆಲ್ಡಿಂಗ್ ಮಾಡಿದ್ದೆ.

ಅಲ್ಲಿಗೆ ನಿಲ್ಲಿಸಿದ್ದರೆ ನಷ್ಟ ಅರ್ಧ ಗಂಟೆ. ನಾನು ನಿಲ್ಲಿಸಲಿಲ್ಲ. ಆಳ ಸಾಲಲಿಲ್ಲ ಅಂತ ಅದೇ ಗೆರೆ ಮೇಲೆ ಗ್ರೈಂಡರ್ ಇಟ್ಟು ಇನ್ನೂ ಜೋರಾಗಿ ಒತ್ತಿದೆ. ಒತ್ತಿದಷ್ಟೂ ಬಿಸಿ ಅನ್ನೋದು ತಲೆಗೆ ಹೊಳೆಯಲೇ ಇಲ್ಲ. ಚಕ್ರದ ಅಂಚಿಗೆ ಪ್ಲಾಸ್ಟಿಕ್ ಮೆತ್ತಿಕೊಂಡು ದಪ್ಪ ಆಯಿತು. ಅದರಿಂದ ಒಂದು ತುಣುಕು ಸಿಡಿದು ಮಣಿಕಟ್ಟಿಗೆ ಅಂಟಿತು. ಬಿಸಿ ನೀರು ಸಿಡಿದರೆ ಕೊಡವಬಹುದು, ಇದನ್ನ ಕೊಡವೋಕಾಗಲ್ಲ. ಆರೋವರೆಗೂ ಚರ್ಮದ ಮೇಲೇ ಕೂತು ಸುಡುತ್ತೆ. ನಾನು ಕೈ ಎಳೆದುಕೊಂಡೆ, ಚಕ್ರ ಓರೆಯಾಗಿ ಗೆರೆಯಲ್ಲೇ ಕಚ್ಚಿಕೊಂಡಿತು, ಗ್ರೈಂಡರ್ ಒದ್ದುಕೊಂಡು ಹಾರಿ ಡ್ರಮ್‌ನ ಹೊಟ್ಟೆಗೆ ಅಂಗೈ ಉದ್ದದ ಗಾಯ ಮಾಡಿತು. ನನ್ನ ಹೊಟ್ಟೆ ಅಲ್ಲಿಂದ ಒಂದು ಗೇಣು ದೂರ ಇತ್ತು. ಒಂದು ತೊಟ್ಟಿ ಅವತ್ತೇ ಕೆಟ್ಟಿತು.

ಉಳಿದದ್ದನ್ನು ಮಾರನೇ ದಿನ ಮರ ಕೊಯ್ಯುವ ಕೈಗರಗಸದಲ್ಲಿ ಕೊಯ್ದೆ. ನಗಬೇಡಿ. ಡ್ರಮ್ ಎತ್ತರ ಸುಮಾರು 90 ಸೆಂಟಿಮೀಟರ್, ಅಡ್ಡಗಲ 58ರ ಹತ್ತಿರ. ಸುತ್ತಿ ಬಂದರೆ ಒಟ್ಟು ಕೊಯ್ಯಬೇಕಾದ್ದು ಮೂರು ಮೀಟರ್. ಮುಕ್ಕಾಲು ಗಂಟೆ ಹಿಡಿಯಿತು. ಪುಡಿ ಉದುರಿ ಬೀಳುತ್ತಿತ್ತು, ಮುಟ್ಟಿದರೆ ತಣ್ಣಗಿತ್ತು. ನೀವು ಯಾವುದರಲ್ಲಿ ಕೊಯ್ದರೂ ಅದನ್ನೇ ನೋಡ್ತಾ ಇರಿ: ಪುಡಿ ಬೀಳಬೇಕು, ಎಳೆ ಬಂದರೆ ಕರಗ್ತಾ ಇದೆ ಅಂತ ಅರ್ಥ.

ಕರೆಂಟಿನದೇ ಬೇಕು ಅಂದರೆ ಜಿಗ್‌ಸಾ ತಗೊಳ್ಳಿ, ಅಂದರೆ ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡೋ ಗರಗಸ. ಇಂಚಿಗೆ ಆರರಿಂದ ಹತ್ತು ಹಲ್ಲಿರುವ, ಮರ ಕೊಯ್ಯೋ ಬ್ಲೇಡ್, ವೇಗ ಅರ್ಧಕ್ಕಿಂತ ಕಡಿಮೆ. ಬ್ಲೇಡ್ ಇಳಿಸೋಕೆ ಮೊದಲು ಡ್ರಿಲ್‌ನಲ್ಲಿ 12 ಮಿಲಿಮೀಟರ್ ತೂತು ಮಾಡ್ಕೊಳ್ಳಿ. ಕಬ್ಬಿಣ ಕೊಯ್ಯೋ ಸಣ್ಣ ಹಲ್ಲಿನ ಬ್ಲೇಡ್ ಹಾಕಬೇಡಿ, ಹಲ್ಲಿನ ಸಂದಿ ತುಂಬಿಕೊಂಡರೆ ಅದೂ ಉಜ್ಜೋಕೆ ಶುರು ಮಾಡುತ್ತೆ. ಸರ್ಕ್ಯುಲರ್ ಸಾ ಯಾಕೆ ಬೇಡ ಅಂದರೆ, ಅದರ ತಳ ಚಪ್ಪಟೆ, ಡ್ರಮ್ ಗುಂಡು. ಕೂರೋದೇ ಇಲ್ಲ.

ಗೆರೆ ಎಳೆಯೋಕೆ ಒದ್ದಾಡಬೇಡಿ. ಡ್ರಮ್ ಮೈಮೇಲೆ ಮೇಲಿಂದ ಕೆಳಗೆ ಅಚ್ಚಿನ ಸಣ್ಣ ಏಣು ಇರುತ್ತೆ, ಎದುರು ಬದಿಗೂ ಒಂದು. ಅದರ ಮೇಲೇ ಹೋಗಿ. ಎರಡು ಬದಿಯಲ್ಲೂ ನಡುವೆ ಎರಡೆರಡು ಬೆರಳಿನಷ್ಟು ಜಾಗ ಕೊಯ್ಯದೆ ಬಿಡಿ, ಅದನ್ನ ಕೊನೆಗೆ ಬಿಡಿಸಿ. ಇಲ್ಲದಿದ್ದರೆ ಸೀಳು ಮುಚ್ಚಿಕೊಂಡು ಬ್ಲೇಡ್ ಕಚ್ಚುತ್ತೆ. ಕೊಯ್ದ ಕಡೆಗೆ ಒಂದು ಮರದ ಚಕ್ಕೆ ಸಿಗಿಸಿದರೂ ಸರಿ. ಅಂಚಿಗೆ ಉಪ್ಪುಕಾಗದ ಉಜ್ಜಿದರೆ ಜುಂಗು ಏಳುತ್ತೆ, ಚಾಕು ನೆಟ್ಟಗೆ ಹಿಡಿದು ಕೆರೆಯಿರಿ. ಕನ್ನಡಕ ಹಾಕ್ಕೊಳ್ಳಿ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಆ ನೀಲಿ ಪುಡಿ ಮಣ್ಣಿಗೆ ಸೇರಿದರೆ ಆರಿಸೋಕಾಗಲ್ಲ.

ಡ್ರಮ್‌ನಲ್ಲಿ ಮೊದಲು ಏನಿತ್ತು ಅಂತ ಮಾತ್ರ ನೀವು ಬರೆದೇ ಇಲ್ಲ. ಥಿನ್ನರ್, ಪೆಟ್ರೋಲ್ ಥರದ್ದು ಇದ್ದರೆ ಖಾಲಿ ಡ್ರಮ್‌ನೊಳಗೂ ಆವಿ ಉಳಿದಿರುತ್ತೆ. ಡ್ರಿಲ್, ಜಿಗ್‌ಸಾಗಳ ಮೋಟಾರಿನ ಒಂದು ಕಿಡಿ ಸಾಕು. ಕೀಟನಾಶಕ ಇದ್ದದ್ದಾದರೆ ಎಷ್ಟು ತೊಳೆದರೂ ಗಿಡಕ್ಕೆ ಬೇಡ. ಅದನ್ನ ಮೊದಲು ತಿಳಿಸಿ, ಅಲ್ಲಿವರೆಗೆ ತೂತು ಕೂಡ ಕೊರೆಯಬೇಡಿ.